ಕಳೆ ತುಂಬಿದ ಕೆರೆಯಲ್ಲಿ ಮೀನು ಹೊಡೆಯುತ್ತೆ, ಕೈಗೆ ಬರಲ್ಲ. ಯಾಕೆ?

ಪ್ರಶ್ನೆ: ನಮ್ಮದು ಮಂಡ್ಯ ತಾಲ್ಲೂಕಿನ ಒಂದು ಹಳ್ಳಿ. ಊರ ಮುಂದೆ ಸಣ್ಣ ಕೆರೆ ಇದೆ. ಎಲ್ಲೂ ಎದೆಮಟ್ಟಕ್ಕಿಂತ ಜಾಸ್ತಿ ನೀರಿಲ್ಲ. ನಾಲೆ ಬಿಟ್ಟಾಗ ಗದ್ದೆಗಳ ಬಸಿನೀರು ಬಂದು ತುಂಬುತ್ತೆ. ಅರ್ಧ ಕೆರೆ ಅಂತರಗಂಗೆ, ಇನ್ನರ್ಧ ತಾವರೆ, ಅಂಚಿಗೆಲ್ಲ ಜೊಂಡು. ಅಮೆರಿಕದವರು ಇಂಥದೇ ಕೊಳದಲ್ಲಿ ರಬ್ಬರ್ ಕಪ್ಪೆ ಎಸೆದು ಬಾಸ್ ಮೀನು ಹಿಡಿಯುವ ವಿಡಿಯೋ ನೋಡಿ ನಾನೂ ಒಂದು ರಾಡು, ರೀಲು, ನಾಲ್ಕು ಕಪ್ಪೆ ತರಿಸಿದೆ. ಎರಡು ತಿಂಗಳಾಯಿತು. ಏಳೆಂಟು ಸಲ ಮೀನು ಧಡ್ ಅಂತ ಬಂದು ಹೊಡೆದಿದೆ. ಕೈಗೆ ಬಂದಿದ್ದು ಒಂದೇ, ಅದೂ ಗೇಣುದ್ದದ್ದು. ಎರಡು ಸಲ ದಾರ ಕಿತ್ತುಹೋಯಿತು. ನಮ್ಮ ಮಾವ, "ಕಳೆಗೆ ಔಷಧಿ ಹೊಡೆಸು, ಕೆರೆ ಚೊಕ್ಕ ಆದ್ರೆ ಮೀನು ತಾನೇ ಸಿಗುತ್ತೆ" ಅಂತಾರೆ. ಗೆಳೆಯನೊಬ್ಬ, "ಕೆಂಪು ಮರಿಗಳ ಗುಂಪು ಕಂಡ ಕಡೆ ಎಸಿ, ತಾಯಿ ತಪ್ಪದೆ ಬೀಳುತ್ತೆ" ಅಂತಾನೆ. ನಮ್ಮ ಕೆರೆಯಲ್ಲಿ ಇರುವುದು ಬಾಸ್ ಮೀನೇನಾ? ಇಲ್ಲದಿದ್ದರೆ ಮರಿ ತಂದು ಬಿಡಬಹುದಾ? ನಾನು ತಪ್ಪುತ್ತಿರುವುದು ಎಲ್ಲಿ?

ಉತ್ತರ: ನಿಮ್ಮ ಪತ್ರ ಓದಿ ಮೊದಲು ನಗು ಬಂತು. ಬೇಜಾರು ಮಾಡಿಕೊಳ್ಳಬೇಡಿ, ಅದು ನಿಮ್ಮ ಮೇಲಿನ ನಗು ಅಲ್ಲ, ಹಿಂದೊಮ್ಮೆ ಇದೇ ಸಂಕಟದಲ್ಲಿದ್ದ ನನ್ನ ಮೇಲಿನದು. ಒಳನಾಡು ಮೀನು ಸಾಕಣೆ ನನ್ನ ಹೊಟ್ಟೆಪಾಡು, ಗಾಳ ನನ್ನ ಚಟ. ಎರಡೂ ಸೇರಿ ಮಂಡ್ಯ, ಮೈಸೂರು ಸುತ್ತಿನ ಕೆರೆ ಏರಿಗಳನ್ನು ಸಾಕಷ್ಟು ಸವೆಸಿದ್ದೇನೆ.

ಎರಡು ತಿಂಗಳಲ್ಲಿ ಏಳೆಂಟು ಹೊಡೆತ ಅಂದರೆ ಕಮ್ಮಿಯೇನಲ್ಲ. ನಿಮ್ಮ ಕೆರೆಯಲ್ಲಿ ಮೀನಿದೆ. ನಿಮ್ಮ ಕಪ್ಪೆಯನ್ನು ಅದು ಒಪ್ಪಿದೆ. ನೀವು ಎಸೆಯುವ ಜಾಗವೂ ಹೆಚ್ಚುಕಡಿಮೆ ಸರಿಯಾಗಿದೆ. ತಪ್ಪು ಇರುವುದು ಮೀನು ಹೊಡೆಯುವುದಕ್ಕೂ ನೀವು ರಾಡು ಜಗ್ಗುವುದಕ್ಕೂ ನಡುವಿನ ಒಂದೆರಡು ಸೆಕೆಂಡಿನಲ್ಲಿ. ಅದು ಬಿಟ್ಟರೆ ದಾರದಲ್ಲಿ. ಕಳೆಯ ಮೇಲೆ ತಪ್ಪು ಹೊರಿಸುವುದು ಬೇಡ. ಆ ಕಳೆ ಇಲ್ಲದಿದ್ದರೆ ನಿಮಗೆ ಆ ಏಳೆಂಟು ಹೊಡೆತವೂ ಸಿಗುತ್ತಿರಲಿಲ್ಲ.

ಮೊದಲು ಬಾಸ್ ವಿಷಯ ಮುಗಿಸೋಣ. ವಿಡಿಯೋದಲ್ಲಿ ನೀವು ನೋಡಿದ್ದು ಲಾರ್ಜ್‌ಮೌತ್ ಬಾಸ್. ಅದು ಉತ್ತರ ಅಮೆರಿಕದ ಸಿಹಿನೀರಿನ ಮೀನು, ನಮ್ಮ ಕಡೆ ಕೆರೆಗಳದ್ದಲ್ಲ. ನಿಮ್ಮ ಕಪ್ಪೆಗೆ ಬಂದು ಹೊಡೆಯುತ್ತಿರುವುದು ಕೊರವ. ಒಂದೊಂದು ಊರಲ್ಲಿ ಒಂದೊಂದು ಹೆಸರು. ಮರಲು ಅನ್ನುವವರಿದ್ದಾರೆ, ಕುಚ್ಚು ಅನ್ನುವವರಿದ್ದಾರೆ. ಆಂಧ್ರ, ತೆಲಂಗಾಣದಲ್ಲಿ ಕೊರ್ರಮೀನು, ತಮಿಳರಿಗೆ ವಿರಾಲ್. ಹಾವಿನಂಥ ತಲೆ, ಉರುಳೆ ಮೈ, ಬೆನ್ನುದ್ದಕ್ಕೂ ಒಂದೇ ರೆಕ್ಕೆ. ನಿಮ್ಮ ಕೈಗೆ ಬಂದ ಆ ಗೇಣುದ್ದದ ಮೀನನ್ನು ನೆನಪಿಸಿಕೊಳ್ಳಿ, ಹೀಗೇ ಇತ್ತು ಅಲ್ವಾ?

ಎರಡೂ ಬೇರೆ ಬೇರೆ ಕುಲದ ಮೀನುಗಳು. ಆದರೆ ಕಸುಬು ಒಂದೇ. ಮರೆಯಲ್ಲಿ ಹೊಂಚು ಹಾಕಿ ಕೂತು, ತಲೆ ಮೇಲೆ ಹಾದುಹೋಗುವ ಕಪ್ಪೆ, ಮರಿಮೀನು, ಹುಳುವನ್ನು ಒಂದೇ ನೆಗೆತಕ್ಕೆ ಹಿಡಿಯುವುದು. ಅದಕ್ಕೇ ಅಲ್ಲಿ ನಡೆಯುವ ರಬ್ಬರ್ ಕಪ್ಪೆ ಇಲ್ಲೂ ನಡೆಯುತ್ತೆ. ಇದರಲ್ಲೊಂದು ತಮಾಷೆ ಇದೆ. ನಾವು ಬಾಸ್ ಬಾಸ್ ಅಂತ ಬಾಯಿ ಬಿಡುತ್ತೇವೆ. ಅತ್ತ ಅಮೆರಿಕದ ಫ್ಲೋರಿಡಾದ ಕಾಲುವೆಗಳಲ್ಲಿ 2000ನೇ ಇಸವಿಯಲ್ಲಿ ನಮ್ಮ ಕೊರವದ ಕುಲದ್ದೇ ಒಂದು ಏಷ್ಯಾದ ಮೀನು ಕಾಣಿಸಿಕೊಂಡಿತು. ಯಾರೋ ತಂದು ಬಿಟ್ಟಿದ್ದು. ಈಗ ಅಲ್ಲಿನವರು ಅದೇ ಬಾಸ್ ಕಪ್ಪೆ ಎಸೆದು ನಮ್ಮ ಕೊರವದ ನೆಂಟನನ್ನು ಹಿಡಿಯುತ್ತಾರೆ! 2002ರಲ್ಲಿ ಮೇರಿಲ್ಯಾಂಡ್‌ನ ಕ್ರಾಫ್ಟನ್ ಅನ್ನುವ ಊರಿನ ಒಂದು ಕೊಳದಲ್ಲಿ ಇದೇ ಕುಲದ ಚೀನಾ ಕಡೆಯ ಮೀನು ಸಿಕ್ಕಾಗ ಅವರಿಗೆ ಎಷ್ಟು ದಿಗಿಲಾಯಿತು ಅಂದರೆ, ಕೊಳಕ್ಕೇ ವಿಷ ಹಾಕಿ ಎಲ್ಲ ಮೀನನ್ನೂ ಕೊಂದರು.

ಅದರಿಂದಲೇ ನಿಮ್ಮ ಇನ್ನೊಂದು ಪ್ರಶ್ನೆಗೂ ಉತ್ತರ ಸಿಕ್ಕಿತು. ಬಾಸ್ ಮರಿ ತಂದು ಬಿಡುವ ಯೋಚನೆ ಬಿಟ್ಟುಬಿಡಿ. ಹೊರದೇಶದ ಮೀನನ್ನು ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ತರುವ ಹಾಗಿಲ್ಲ. ಕಾನೂನು ಪಕ್ಕಕ್ಕಿಟ್ಟರೂ, ಬಿಟ್ಟ ಮೀನು ನಮ್ಮ ಮಾತು ಕೇಳಲ್ಲ. ಜಿಲೇಬಿ ಮೀನು, ಅಂದರೆ ತಿಲಾಪಿಯ, ಭಾರತಕ್ಕೆ ಬಂದಿದ್ದು 1952ರಲ್ಲಿ. ಇವತ್ತು ನಿಮ್ಮ ಕೆರೆಯಲ್ಲಿ ಎರೆಹುಳು ಗಾಳ ಇಳಿಸಿದರೆ ಮೊದಲು ಬರುವುದು ಯಾವುದು ಹೇಳಿ? ಅದೇ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆ ನಿಷೇಧ ಆಗಿ ಎಷ್ಟೋ ವರ್ಷವಾಯಿತು, ಕೆರೆಗಳಿಂದ ಮಾತ್ರ ಹೋಗಿಲ್ಲ. ಇಷ್ಟಕ್ಕೂ ನಿಮ್ಮ ಕೆರೆಯಲ್ಲಿ ಬಾಸ್ ಬದುಕುವುದೇ ಕಷ್ಟ. ಯಾಕೆ ಅನ್ನುವುದು ಗೊತ್ತಾದರೆ ಕೊರವವನ್ನು ಎಲ್ಲಿ ಹುಡುಕಬೇಕು ಅನ್ನುವುದೂ ಗೊತ್ತಾಗುತ್ತೆ.

ನೀರೊಳಗಿನ ಗಿಡ ಹಗಲು ಬಿಸಿಲಲ್ಲಿ ಆಮ್ಲಜನಕ ಕೊಡುತ್ತೆ, ರಾತ್ರಿ ತಾನೇ ಅದನ್ನು ಎಳೆದುಕೊಳ್ಳುತ್ತೆ. ಕಳೆ ಜಾಸ್ತಿ ಇರುವ ಕೆರೆಯಲ್ಲಿ ಕೋಳಿ ಕೂಗುವ ಹೊತ್ತಿಗೆ ನೀರಲ್ಲಿ ಉಸಿರೇ ಇರುವುದಿಲ್ಲ. ಬೆಳಗಿನ ಜಾವ ಕಾಟ್ಲಾ, ರೋಹು ಮೇಲಕ್ಕೆ ಬಂದು ಬಾಯಿ ತೆರೆದು ತೇಲುವುದನ್ನು ನೀವೂ ನೋಡಿರುತ್ತೀರಿ. ಅಂತರಗಂಗೆ ಇದ್ದರಂತೂ ಇನ್ನೂ ಕಷ್ಟ. ಅದು ಚಾಪೆ ಹಾಸಿದ ಹಾಗೆ ಮುಚ್ಚಿಬಿಡುತ್ತೆ. ಕೆಳಗೆ ಬಿಸಿಲಿಲ್ಲ, ನೀರಿಗೆ ಗಾಳಿ ತಾಗಲ್ಲ. ಬಾಸ್ ಕಿವಿರಿನಿಂದಲೇ ಉಸಿರಾಡಬೇಕಾದ ಮೀನು. ಇಂಥ ಜಾಗದಲ್ಲಿ ಅದು ತಡೆಯಲ್ಲ. ವಿಡಿಯೋದಲ್ಲಿ ಅವರು ಕಳೆಯ ಅಂಚಿಗೆ, ತೆರೆದ ನೀರು ಹತ್ತಿರ ಇರುವ ಕಡೆಗೇ ಹೆಚ್ಚಾಗಿ ಎಸೆಯುವುದನ್ನು ಗಮನಿಸಿ.

ಕೊರವದ ಲೆಕ್ಕವೇ ಬೇರೆ. ಅದರ ಕಿವಿರಿನ ಮೇಲ್ಗಡೆ ತಲೆಯೊಳಗೆ ಒಂದು ಗೂಡಿದೆ. ಅದರಲ್ಲಿ ಗಾಳಿ ತುಂಬಿಕೊಂಡು ನೇರವಾಗಿ ಉಸಿರಾಡುತ್ತೆ. ಅದಕ್ಕೇ ಸಂತೆಯಲ್ಲಿ ಬೋಸಿಯಲ್ಲಿ ಎರಡು ಚೊಂಬು ನೀರಲ್ಲಿ ಬಿಟ್ಟರೂ ಬದುಕಿರುವುದು. ಬೇಸಗೆಯಲ್ಲಿ ಕೆರೆ ಒಣಗಿದಾಗ ಹಸಿ ಕೆಸರೊಳಗೆ ಹುದುಗಿಕೊಂಡು ಕಾಯುವುದೂ, ಮಳೆ ಬಿದ್ದ ರಾತ್ರಿ ಒದ್ದೆ ಬದುವಿನ ಮೇಲೆ ತೆವಳಿ ಒಂದು ಗದ್ದೆಯಿಂದ ಇನ್ನೊಂದಕ್ಕೆ ಹೋಗುವುದೂ ಇದೇ ಕಾರಣಕ್ಕೆ. ಬೆಳಗ್ಗೆ ಎದ್ದು ನೋಡಿದವರು "ಮೀನು ಮಳೆ ಜೊತೆ ಬಿತ್ತು" ಅಂದುಕೊಂಡರು. ಬಿದ್ದಿದ್ದಲ್ಲ, ನಡೆದು ಬಂದಿದ್ದು.

ನಮಗೆ ಬೇಕಾದ ಮಾತು ಇದು: ಗಾಳಿಯ ಮೇಲೆ ಬದುಕುವ ಮೀನು ಗಾಳಿಗಾಗಿ ಮೇಲೆ ಬರಲೇಬೇಕು. ಬರಲು ಬಿಡದಿದ್ದರೆ ನೀರೊಳಗೇ ಉಸಿರು ಕಟ್ಟಿ ಸಾಯುತ್ತೆ. ಚಾಪೆಯ ಹಾಗೆ ಮುಚ್ಚಿದ ಕಳೆಯಲ್ಲಿ ಅದಕ್ಕೆ ಒಂದು ಕಂಡಿ ಬೇಕು. ನಿಮ್ಮ ಕೆರೆಯಲ್ಲಿ ಮೀನು ಎಲ್ಲಿದೆ ಅನ್ನುವುದನ್ನು ಆ ಕಂಡಿಗಳೇ ಹೇಳುತ್ತವೆ.

ನಾಳೆ ರಾಡು ಮನೆಯಲ್ಲೇ ಬಿಟ್ಟು ಹೋಗಿ. ಬೆಳಗ್ಗೆ ಆರೂವರೆ ಹೊತ್ತಿಗೆ ಏರಿಯ ಮೇಲೆ, ನೆರಳು ನೀರಿಗೆ ಬೀಳದ ಹಾಗೆ ಕೂತುಕೊಳ್ಳಿ. ಫೋನ್ ಜೇಬಲ್ಲಿರಲಿ. ಮೊದಲ ಹತ್ತು ನಿಮಿಷ ಏನೂ ಕಾಣಲ್ಲ. ಆಮೇಲೆ ಒಂದು ಕಡೆ ತಾವರೆಯ ದಂಟು ಗಾಳಿಯಿಲ್ಲದೆ ಅಲ್ಲಾಡುತ್ತೆ. ಇನ್ನೊಂದು ಕಡೆ, ಅಂತರಗಂಗೆಯ ಮಧ್ಯೆ ಮೊರದಷ್ಟಗಲದ ಕಪ್ಪು ನೀರಲ್ಲಿ ಗುಳುಕ್ ಅಂತ ಒಂದು ಸದ್ದು. ನೋಡುವಷ್ಟರಲ್ಲಿ ಒಂದು ಉಂಗುರ ಮಾತ್ರ ಹರಡುತ್ತಿರುತ್ತೆ, ಅದರ ನಡುವೆ ಎರಡೋ ಮೂರೋ ಗುಳ್ಳೆ. ಜಾಗ ಗುರುತಿಟ್ಟುಕೊಳ್ಳಿ. ಕೆಲವು ನಿಮಿಷ ಬಿಟ್ಟು ಅದೇ ಕಂಡಿಯಲ್ಲೋ ಪಕ್ಕದ್ದರಲ್ಲೋ ಮತ್ತೆ ಗುಳುಕ್. ಅದೇ ನಿಮ್ಮ ಮೀನು. ಒಂದು ಗಂಟೆ ಹೀಗೆ ಕೂತರೆ ಇಂಥ ನಾಲ್ಕೈದು ಮನೆ ವಿಳಾಸ ಸಿಗುತ್ತೆ. ಎರಡು ತಿಂಗಳು ಸುಮ್ನೆ ಎಸೆದು ಕಲಿಯುವುದಕ್ಕಿಂತ ಇದು ಜಾಸ್ತಿ.

ಎಸೆಯುವಾಗ ನೇರ ಕಂಡಿಗೇ ಎಸೆಯಬೇಡಿ. ಅದು ನೆತ್ತಿಯ ಮೇಲೆ ಕಲ್ಲು ಬಿದ್ದ ಹಾಗೆ. ಕಂಡಿಯಿಂದ ಆರೇಳು ಅಡಿ ಆಚೆ, ಕಳೆಯ ಮೇಲೆ ಬೀಳಲಿ. ಅಲ್ಲಿಂದ ಎಲೆಗಳ ಮೇಲೆ ಕುಪ್ಪಳಿಸುತ್ತ ಎಳೆದುಕೊಂಡು ಬನ್ನಿ. ಕಂಡಿಗೆ ಇಳಿದ ಮೇಲೆ ನಿಲ್ಲಿಸಿ. ಉಂಗುರಗಳು ಅಡಗುವ ತನಕ ನಿಲ್ಲಿಸಿ. ಆಮೇಲೆ ರಾಡಿನ ತುದಿ ಒಂದು ಸಲ ಮಿಡಿಯಿರಿ, ಮತ್ತೆ ನಿಲ್ಲಿಸಿ. ಹೊಡೆತ ಬಹಳ ಸಲ ಬರುವುದು ಕಪ್ಪೆ ನಿಂತಾಗಲೇ. ಹೊಸಬರು ಎಲ್ಲರೂ ಮಾಡುವ ತಪ್ಪು ಅಂದರೆ ಬಾವಿಯಿಂದ ನೀರು ಸೇದಿದ ಹಾಗೆ ರೀಲು ತಿರುಗಿಸುತ್ತಲೇ ಇರುವುದು.

ಈಗ ಅಸಲು ವಿಷಯ. ಧಡ್ ಅಂತ ಹೊಡೆದಾಗ ನೀವು ಏನು ಮಾಡುತ್ತೀರಿ? ಪತ್ರದಲ್ಲಿ ಬರೆದಿಲ್ಲ, ಆದರೂ ನನಗೆ ಗೊತ್ತು. ಬೆಚ್ಚಿ ಬಿದ್ದು ಜಗ್ಗುತ್ತೀರಿ. ಕಪ್ಪೆ ನೀರಿಂದ ಹಾರಿ ನಿಮ್ಮ ಕಿವಿ ಪಕ್ಕದಲ್ಲೇ ಹಾದು ಹೋಗುತ್ತೆ. ನಾನೂ ಮಾಡಿದ್ದು ಅದನ್ನೇ. ಪಾಂಡವಪುರದ ಕಡೆ ಒಂದು ಕೆರೆಯ ತೂಬಿನ ಹತ್ತಿರ ಒಂದೇ ಕೊರವ ಒಂದೇ ಬೆಳಗ್ಗೆ ನನಗೆ ಮೂರು ಸಲ ಹೊಡೆಯಿತು. ಮೂರು ಸಲವೂ ಕಪ್ಪೆ ಹಾರಿ ಬಂತು. ಮೂರನೆಯ ಸಲ ಬೆನ್ನ ಹಿಂದಿನ ಜಾಲಿಗೆ ಸಿಕ್ಕಿಕೊಂಡಿತು. ಏರಿಯ ಮೇಲೆ ಹಸು ಹೊಡೆದುಕೊಂಡು ಹೋಗುತ್ತಿದ್ದ ಅಜ್ಜ ನಿಂತು ನೋಡಿ, "ಅದ್ರ ಬಾಯಿಗೆ ಹಾಕಿ ನೀವೇ ಕಿತ್ಕಂತಿದ್ದೀರಲ್ಲ ಸಾಮಿ, ನುಂಗಕ್ ಬುಡಿ" ಅಂದ. ನಾನು ಓದಿ ಕಲಿತಿದ್ದು ಯಾವುದೂ ಅಷ್ಟು ಕೆಲಸಕ್ಕೆ ಬಂದಿಲ್ಲ.

ನಡೆಯುವುದು ಹೀಗೆ. ಕೊರವ ಕಪ್ಪೆಯನ್ನು ಕೆಳಗಿನಿಂದ ಬಂದು ಹೊಡೆಯುತ್ತೆ. ನಡುವೆ ಎಲೆ, ಬೇರು, ಪಾಚಿ. ಎಷ್ಟೋ ಸಲ ಮೊದಲ ಹೊಡೆತಕ್ಕೆ ಕಳೆ ಎದ್ದು ಕಪ್ಪೆ ಪಕ್ಕಕ್ಕೆ ಜಾರುತ್ತೆ, ಬಾಯಿಗೆ ಸಿಕ್ಕೇ ಇರಲ್ಲ. ಸಿಕ್ಕಿದ್ದರೂ ತುಟಿಯಂಚಲ್ಲಿರುತ್ತೆ. ಅದು ಬಾಯಿ ಮುಚ್ಚಿ, ತಿರುಗಿ, ಕೆಳಗಿಳಿಯಬೇಕು. ಆಗ ರಬ್ಬರ್ ಅಮುಕಿ ಗಾಳದ ಕೊಂಡಿಗಳು ಹೊರಗೆ ಬರುತ್ತವೆ. ಆದ್ದರಿಂದ ಕಣ್ಣಿಗೆ ಕಂಡಿದ್ದಕ್ಕೆ ಜಗ್ಗಬೇಡಿ, ಕಿವಿಗೆ ಕೇಳಿದ್ದಕ್ಕೂ ಜಗ್ಗಬೇಡಿ. ಕೈಗೆ ತೂಕ ಬಂದಾಗ ಮಾತ್ರ ಜಗ್ಗಿ. ಹೊಡೆತ ಬಿದ್ದ ಕೂಡಲೇ ರಾಡಿನ ತುದಿ ಮೀನಿನ ಕಡೆಗೆ ಇಳಿಸಿ, ಸಡಿಲ ದಾರ ಸುತ್ತಿಕೊಳ್ಳಿ, ಒಂದು, ಎರಡು ಅಂತ ಮನಸ್ಸಲ್ಲೇ ಎಣಿಸಿ. ತೂಕ ಬಂತಾ? ಈಗ ಎರಡೂ ಕೈಯಿಂದ, ಮರ್ಯಾದೆ ನೋಡದೆ ಜಗ್ಗಿ. ಕೊರವದ ಬಾಯಿ ಪೂರ್ತಿ ಮೂಳೆ, ಮೆಲ್ಲಗೆ ಎಳೆದರೆ ಕೊಂಡಿ ಇಳಿಯಲ್ಲ. ತೂಕ ಬರಲಿಲ್ಲವಾ? ಕಪ್ಪೆಯನ್ನು ಅಲ್ಲೇ ಬಿಡಿ, ಸ್ವಲ್ಪ ಅಲ್ಲಾಡಿಸಿ. ಅದು ಹೆದರಿ ಓಡಿಹೋಗಿಲ್ಲದಿದ್ದರೆ ಮತ್ತೆ ಬರುತ್ತೆ.

ಬಹಳ ಹೊತ್ತು ಕಾಯುವುದೂ ತಪ್ಪು. ನಾಲ್ಕೈದು ಸೆಕೆಂಡು ಬಿಟ್ಟರೆ ಗಂಟಲೊಳಗೆ ಹೋಗುತ್ತೆ. ಆಮೇಲೆ ಬಿಡಬೇಕು ಅನಿಸಿದರೂ ಬಿಟ್ಟ ಮೀನು ಉಳಿಯುವುದು ಕಷ್ಟ.

ಇನ್ನು ದಾರ. ಎರಡು ಸಲ ಕಿತ್ತುಹೋಯಿತು ಅಂದಿರಿ. ರೀಲಿನ ಜೊತೆ ಪುಕ್ಕಟೆ ಬಂದ ನೈಲಾನ್ ದಾರವನ್ನೇ ಹಾಕಿದ್ದೀರಿ ಅನಿಸುತ್ತೆ. ನೈಲಾನ್ ರಬ್ಬರ್ ಹಾಗೆ ಹಿಗ್ಗುತ್ತೆ. ಇಪ್ಪತ್ತು ಗಜ ಆಚೆ ನೀವು ಜಗ್ಗಿದ್ದರಲ್ಲಿ ಅರ್ಧ ಜೋರು ದಾರವೇ ತಿಂದುಹಾಕುತ್ತೆ. ಜೊಂಡಿನ ದಂಟಿಗೆ ಉಜ್ಜಿದರೆ ತುಂಡಾಗುತ್ತೆ. ಕಳೆಗೆ ಬೇಕಾದ್ದು ಹೆಣೆದ ದಾರ, ಅಂಗಡಿಯಲ್ಲಿ ಬ್ರೇಡ್ ಅಂತ ಕೇಳಿ. 40ರಿಂದ 50 ಪೌಂಡಿನದು ಇರಲಿ. "ಎರಡು ಕೆಜಿ ಮೀನಿಗೆ ಅಷ್ಟೊಂದಾ?" ಅನ್ನಬೇಡಿ. ನೀವು ಎಳೆಯುವುದು ಎರಡು ಕೆಜಿ ಮೀನು ಮತ್ತು ಅದು ಸುತ್ತಿಕೊಂಡ ಆರು ಕೆಜಿ ಸೊಪ್ಪು. ನಡುವೆ ಬೇರೆ ದಾರ ಬೇಡ, ಕಪ್ಪೆಗೆ ನೇರ ಕಟ್ಟಿ. ರೀಲಿನ ಡ್ರ್ಯಾಗ್, ಅಂದರೆ ಮೀನು ಎಳೆದಾಗ ದಾರ ಬಿಡುವ ತಿರುಪು, ಬಿಗಿ ಮಾಡಿ. ತೆರೆದ ನೀರಲ್ಲಿ ಮೀನನ್ನು ಓಡಿಸಿ ದಣಿಸುತ್ತಾರಲ್ಲ, ಆ ಆಟ ಇಲ್ಲಿ ನಡೆಯಲ್ಲ. ಕೊಂಡಿ ಕಚ್ಚಿದ ತಕ್ಷಣ ತಲೆಯನ್ನು ಮೇಲಕ್ಕೆತ್ತಿ ಕಳೆಯ ಮೇಲೆ ಜಾರಿಸಿಕೊಂಡು ಬರಬೇಕು. ತಲೆ ಕೆಳಗಾಯಿತು ಅಂದರೆ ಬೇರಿಗೆ ಸುತ್ತಿಕೊಳ್ಳುತ್ತೆ. ಅಲ್ಲಿಗೆ ಮುಗಿಯಿತು. ರಾಡು ಆರೂವರೆ, ಏಳಡಿ ಇದ್ದು ನಡು ಗಟ್ಟಿ ಇದ್ದರೆ ಸಾಕು. ನೀವು ತರಿಸಿದ್ದು ಚಾಟಿಯ ಹಾಗೆ ಬಾಗುವುದಾದರೆ ಅದನ್ನು ಜಿಲೇಬಿಗೆ ಇಟ್ಟುಕೊಳ್ಳಿ.

ಕಪ್ಪೆಗೂ ಸ್ವಲ್ಪ ಕೈ ಆಡಿಸಬೇಕು. ಕಡಿಮೆ ಬೆಲೆಯ ಕೆಲವು ಕಪ್ಪೆಗಳ ರಬ್ಬರ್ ಗಡುಸು. ಬಿಸಿನೀರಲ್ಲಿ ಒಂದು ನಿಮಿಷ ಹಾಕಿ ತೆಗೆದು ಬೆರಳಲ್ಲಿ ಅಮುಕಿ ನೋಡಿ. ಕೊಂಡಿಯ ಎರಡು ಮೊನೆಗಳೂ ಆಚೆ ಬರಬೇಕು. ಬರದಿದ್ದರೆ ಇಕ್ಕಳದಲ್ಲಿ ಮೊನೆಗಳನ್ನು ಕೂದಲೆಳೆಯಷ್ಟು ಹೊರಕ್ಕೂ ಮೇಲಕ್ಕೂ ಬಾಗಿಸಿ. ಜಾಸ್ತಿ ಬಾಗಿಸಿದರೆ ಎಲೆ ಎಲೆಗೂ ಸಿಕ್ಕುತ್ತೆ. ಕಾಲಿನ ಎಳೆಗಳು ಉದ್ದ ಇದ್ದರೆ ಎರಡು ಬೆರಳಷ್ಟು ಬಿಟ್ಟು ಕತ್ತರಿಸಿ, ಮೀನು ಕಾಲನ್ನಷ್ಟೇ ಕಚ್ಚಿ ಹೋಗುವುದು ತಪ್ಪುತ್ತೆ. ಐದಾರು ಎಸೆತಕ್ಕೊಮ್ಮೆ ಹಿಂಡಿ ಒಳಗಿನ ನೀರು ತೆಗೆಯಿರಿ. ಬಣ್ಣದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಕೆಳಗಿನಿಂದ ನೋಡುವ ಮೀನಿಗೆ ಎಲ್ಲ ಕಪ್ಪೆಯೂ ಕಪ್ಪೇ.

ಹಳ್ಳಿಯಲ್ಲಿ ಯಾರಾದರೂ "ರಬ್ಬರ್ ಯಾಕೆ, ಜೀವಂತ ಕಪ್ಪೆ ಕಟ್ಟಿ" ಅನ್ನುತ್ತಾರೆ. ಹಿಂದಿನಿಂದ ಹಾಗೆ ಹಿಡಿದವರಿದ್ದಾರೆ, ಸಿಗುವುದೂ ನಿಜ. ನಾನು ಒಪ್ಪುವುದಿಲ್ಲ. ಗದ್ದೆಯಲ್ಲಿ ಕಪ್ಪೆ ಕಮ್ಮಿಯಾದಷ್ಟು ಹುಳದ ಕಾಟ ಜಾಸ್ತಿ, ನಮ್ಮ ಗೋಂಕರುಕಪ್ಪೆಗೆ ವನ್ಯಜೀವಿ ಕಾಯ್ದೆಯ ರಕ್ಷಣೆ ಬೇರೆ ಇದೆ.

ಈಗ ಮಾವನವರ ಮಾತಿಗೆ ಬರೋಣ. ಹಿರಿಯರು ಕೆರೆಯ ಒಳ್ಳೆಯದಕ್ಕೇ ಹೇಳಿದ್ದಾರೆ. ಅಂತರಗಂಗೆ ದಕ್ಷಿಣ ಅಮೆರಿಕದಿಂದ ಬಂದ ಪೀಡೆ. ಅನುಕೂಲ ಸಿಕ್ಕರೆ ಎರಡು ವಾರಕ್ಕೆ ದುಪ್ಪಟ್ಟಾಗುತ್ತೆ. ಆದರೆ ಅದಕ್ಕೆ ಅನುಕೂಲ ಮಾಡಿಕೊಟ್ಟವರು ಯಾರು? ಬಸಿನೀರಿನ ಜೊತೆ ಗದ್ದೆ, ಕಬ್ಬಿನ ತೋಟದ ಯೂರಿಯಾ ಬರುತ್ತೆ. ಚರಂಡಿ ಸೇರಿದರೆ ಇನ್ನೂ ಸೊಂಪು. ಮೈಸೂರಿನ ದಳವಾಯಿ ಕೆರೆಯನ್ನು ನೋಡಿದ್ದೀರಲ್ಲ, ಊರಿನ ಕೊಳಚೆ ಕುಡಿದು ಹೇಗಾಗಿದೆ ಅಂತ.

ಕಳೆನಾಶಕ ಹೊಡೆದರೆ ಗಿಡ ಸಾಯುತ್ತೆ, ಆದರೆ ಎಲ್ಲೂ ಹೋಗಲ್ಲ. ಅಲ್ಲೇ ಮುಳುಗಿ ಕೊಳೆಯುತ್ತೆ. ಕೊಳೆಯುವಾಗ ಉಳಿದ ಆಮ್ಲಜನಕವನ್ನೂ ಹೀರುತ್ತೆ. ಒಂದೇ ದಿನ ಇಡೀ ಕೆರೆಗೆ ಹೊಡೆದರೆ ಒಂದು ವಾರದೊಳಗೆ ಕಾಟ್ಲಾ, ರೋಹು, ಸಣ್ಣ ಪುಟ್ಟ ಕೆರೆಮೀನು ಹೊಟ್ಟೆ ಮೇಲಾಗಿ ತೇಲಬಹುದು. ನಾನು ಸಲಹೆಗೆ ಹೋದ ಒಂದು ಕೆರೆಯಲ್ಲಿ ಹಾಗೇ ಆಗಿತ್ತು. ನಾತಕ್ಕೆ ಏರಿ ಮೇಲೆ ನಿಲ್ಲಲಾಗುತ್ತಿರಲಿಲ್ಲ. ಗುತ್ತಿಗೆ ಹಿಡಿದು ಮರಿ ಬಿಟ್ಟಿದ್ದವರಿಗೂ ಔಷಧಿ ಹೊಡೆಸಿದವರಿಗೂ ಜಗಳ ಪೊಲೀಸ್ ಠಾಣೆ ತನಕ ಹೋಯಿತು. ಕೊರವ ಮಾತ್ರ ಗಾಳಿ ಕುಡಿದು ಉಳಿದುಕೊಂಡಿತ್ತು, ತಿನ್ನಲು ಏನೂ ಇಲ್ಲದೆ. ಮುಂದಿನ ಮಳೆಗೆ ಕೆಸರಲ್ಲಿದ್ದ ಬೀಜ ಮೊಳೆತು ಅಂತರಗಂಗೆ ಮತ್ತೆ ಹಾಜರು. ಅದೇ ಗೊಬ್ಬರದ ನೀರು ಇತ್ತಲ್ಲ.

ಹಾಗಾದರೆ ಏನು ಮಾಡಬಹುದು? ಕೈಯಿಂದ ಎಳೆದು ತೆಗೆಸುವುದೇ ಇದ್ದುದರಲ್ಲಿ ಒಳ್ಳೆಯದು. ಒಂದೇ ಸಲಕ್ಕೆ ಎಲ್ಲ ಬೇಡ. ಮೂರರಲ್ಲಿ ಒಂದು ಪಾಲು, ಅದೂ ಪಟ್ಟಿ ಪಟ್ಟಿಯಾಗಿ, ನೀರು ಒಳಬರುವ ಕಡೆಯಿಂದ ತೂಬಿನ ತನಕ. ಗಾಳಿ, ಬಿಸಿಲು ಬೀಳುತ್ತೆ, ಮೀನಿಗೆ ಮರೆಯೂ ಉಳಿಯುತ್ತೆ, ನಿಮಗೆ ಎಸೆಯಲು ಅಂಚೂ ಸಿಗುತ್ತೆ. ತೆಗೆದಿದ್ದನ್ನು ಏರಿಯ ಬುಡದಲ್ಲೇ ಗುಡ್ಡೆ ಹಾಕಿದರೆ ಮೊದಲ ಮಳೆಗೆ ವಾಪಸ್ ಕೆರೆಗೇ ಬರುತ್ತೆ. ದೂರ ಸಾಗಿಸಿ ತಿಪ್ಪೆಗೆ ಹಾಕಿ. ಮಳೆಗಾಲಕ್ಕೆ ಮುಂಚೆ ಮಾಡಿದರೆ ಕೆಲಸ ಸಲೀಸು. ಹುಲ್ಲುಗೆಂಡೆ (ಗ್ರಾಸ್ ಕಾರ್ಪ್) ಮೀನು ತಂದು ಬಿಡಿ ಅನ್ನುವವರೂ ಇದ್ದಾರೆ. ಅದು ನೀರೊಳಗಿನ ಮೆತ್ತನೆ ಕಳೆ ತಿನ್ನುತ್ತೆ, ಅಂತರಗಂಗೆಗೆ ಅಷ್ಟಾಗಿ ಬಾಯಿ ಹಾಕಲ್ಲ. ಅಂತರಗಂಗೆಯನ್ನೇ ತಿನ್ನುವ ಒಂದು ಮೂತಿಹುಳುವನ್ನು 1980ರ ದಶಕದಲ್ಲಿ ಬೆಂಗಳೂರಿನ ಕೆರೆಗಳಲ್ಲಿ ಬಿಟ್ಟು ನೋಡಿದ್ದಾರೆ, ಫಲವೂ ಸಿಕ್ಕಿದೆ. ಆದರೆ ಅದಕ್ಕೆ ತಿಂಗಳು, ವರ್ಷದ ತಾಳ್ಮೆ ಬೇಕು. ಇದ್ಯಾವುದನ್ನೂ ನೀವೊಬ್ಬರೇ ತೀರ್ಮಾನಿಸುವ ಹಾಗಿಲ್ಲ. ಪಂಚಾಯಿತಿ, ಗುತ್ತಿಗೆದಾರರು, ಕೆಳಗಿನ ಅಚ್ಚುಕಟ್ಟಿನ ರೈತರು ಎಲ್ಲರೂ ಒಪ್ಪಬೇಕು.

ಗೆಳೆಯನ ಸಲಹೆ ಬಗ್ಗೆ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಅವನು ಹೇಳಿದ್ದು ಸುಳ್ಳಲ್ಲ, ಅದೇ ತೊಂದರೆ. ಮುಂಗಾರು ಶುರುವಾದ ಮೇಲೆ ಕೊರವ ಜೋಡಿಯಾಗಿ ಕಳೆ ಸರಿಸಿ ಮೊಟ್ಟೆ ಇಡುತ್ತೆ. ಮೊಟ್ಟೆ ತೇಲುತ್ತೆ, ಒಂದೆರಡು ದಿನದಲ್ಲಿ ಒಡೆಯುತ್ತೆ. ಕೆಂಪು ಕೇಸರಿ ಬಣ್ಣದ ಮರಿಗಳು ಚೆಂಡಿನ ಹಾಗೆ ಗುಂಪಾಗಿ ಕುದಿಯುವ ನೀರಿನಂತೆ ಮೇಲೆ ಕೆಳಗೆ ಆಡುತ್ತವೆ. ಅಪ್ಪ ಅಮ್ಮ ಕೆಳಗೇ ಕಾವಲು. ಆ ಗುಂಪಿನ ಮೇಲೆ ಏನು ಹಾದುಹೋದರೂ ಹೊಡೆಯುತ್ತವೆ, ಹಸಿವಿನಿಂದಲ್ಲ, ಓಡಿಸಲಿಕ್ಕೆ. ಮುಚ್ಚುಮರೆ ಯಾಕೆ, ಹುಡುಗನಾಗಿದ್ದಾಗ ನಾನೂ ಹೀಗೆ ಒಂದನ್ನು ಹಿಡಿದಿದ್ದೆ. ಒಂದೂವರೆ ಕೆಜಿ ಇತ್ತು. ಬುಟ್ಟಿಗೆ ಹಾಕಿ ತಿರುಗಿ ನೋಡಿದರೆ ಆ ಕೆಂಪು ಚೆಂಡಿನ ಸುತ್ತ ಜಿಲೇಬಿಗಳು ಸೇರಿದ್ದವು. ಚೆಂಡು ಅಕ್ಕಿ ನುಚ್ಚಿನ ಹಾಗೆ ಚೆದುರಿತು. ಬೀಡಿ ಹಚ್ಚಿ ಸೇದಿ ಮುಗಿಸುವಷ್ಟು ಹೊತ್ತು ಅಷ್ಟೇ, ಆಮೇಲೆ ನೀರಲ್ಲಿ ಕೆಂಪೇ ಇರಲಿಲ್ಲ.

ಜೂನ್‌ನಿಂದ ಸೆಪ್ಟೆಂಬರ್ ತನಕ ಮರಿಗುಂಪು ಕಂಡರೆ ಆ ಮೂಲೆ ಬಿಟ್ಟು ಬೇರೆ ಕಡೆ ಹೋಗಿ. ಗೊತ್ತಿಲ್ಲದೆ ಸಿಕ್ಕಿದರೆ ಅಲ್ಲೇ, ಆ ಜಾಗದಲ್ಲೇ ಬೇಗ ಬಿಡಿ. ಒಂದಡಿಗಿಂತ ಚಿಕ್ಕದು ಸಿಕ್ಕರೂ ನಾನು ಬಿಡುತ್ತೇನೆ, ಅದು ಬಹುಶಃ ಇನ್ನೂ ಒಂದು ಸಲವೂ ಮರಿ ಮಾಡಿರಲ್ಲ. ಹಿಡಿಯುವ ಮುಂಚೆ ಕೈ ಒದ್ದೆ ಮಾಡಿಕೊಳ್ಳಿ, ಒಣಗೈಗೆ ಮೈಮೇಲಿನ ಲೋಳೆ ಕಿತ್ತು ಬರುತ್ತೆ. ಡಿಸೆಂಬರ್, ಜನವರಿಯ ಚಳಿಯಲ್ಲಿ ಕೊರವಕ್ಕೆ ಹುಣ್ಣು ರೋಗ ಬರುವುದು ಜಾಸ್ತಿ, ಲೋಳೆ ಹೋದ ಮೈಗೆ ಅದು ಬೇಗ ತಗಲುತ್ತೆ. ಚಳಿಗಾಲದಲ್ಲಿ ಮೀನು ಹೇಗೂ ಮಂಕು. ಫೆಬ್ರವರಿ ಕಳೆದ ಮೇಲೆ, ಬಿಸಿಲೇರಿದಂತೆ ಚುರುಕಾಗುತ್ತೆ. ನಿಮ್ಮ ಕಡೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಕಟ್ಟುನೀರಿನ ಲೆಕ್ಕದಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಬಿಡುತ್ತಾರಲ್ಲ, ಹೊಸ ನೀರು ಕೆರೆಗೆ ಬಂದು ಬೀಳುವ ಒಂದೆರಡು ದಿನ ಆ ಬಾಯಿಯ ಹತ್ತಿರ ನಿಲ್ಲಿ. ಸಣ್ಣ ಮೀನು ಅಲ್ಲಿಗೆ ಸೇರುತ್ತೆ, ಅದರ ಹಿಂದೆ ಕೊರವ.

ಅಪಾಯಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳದೆ ಬಿಡಲ್ಲ. ನಿಮ್ಮ ರಾಡು ಕಾರ್ಬನ್‌ನದ್ದಾಗಿದ್ದರೆ ಅದರಲ್ಲಿ ಕರೆಂಟ್ ಹರಿಯುತ್ತೆ. ಕೆರೆ ಅಂಚಲ್ಲೆಲ್ಲ ಪಂಪ್‌ಸೆಟ್ ತಂತಿ ಜೋತುಬಿದ್ದಿರುತ್ತೆ. ಎಸೆಯುವ ಮುಂಚೆ ತಲೆಯೆತ್ತಿ ನೋಡುವುದು ಅಭ್ಯಾಸವಾಗಲಿ. ಗುಡುಗು ಕೇಳಿದರೆ ರಾಡು ಕೆಳಗಿಟ್ಟು ಮನೆಗೆ ಹೋಗಿ. ಎದೆಮಟ್ಟ ಅಂತ ನಂಬಿ ಸಿಕ್ಕಿಕೊಂಡ ಕಪ್ಪೆ ಬಿಡಿಸಲು ನೀರಿಗಿಳಿಯಬೇಡಿ. ಹೂಳು ತೆಗೆದ ಜೆಸಿಬಿ ಗುಂಡಿ ಕಳೆಯ ಕೆಳಗೆ ಕಾಣಲ್ಲ, ಅಂತರಗಂಗೆಯ ಬೇರು ಕಾಲಿಗೆ ಸುತ್ತಿದರೆ ಈಜು ಬಂದವನಿಗೂ ಕಷ್ಟ. ಕಪ್ಪೆ ಹೋದರೆ ಹೋಗಲಿ. ಜೊಂಡಿನಲ್ಲಿ ಕಾಣುವ ನೀರೊಳ್ಳೆಗೆ ವಿಷವಿಲ್ಲ, ಬದುವಿನ ಹುಲ್ಲಲ್ಲಿ ಮಲಗಿರುವ ಕೊಳಕುಮಂಡಲಕ್ಕೆ ಇದೆ. ಬೂಟು ಹಾಕಿ, ನಸುಕಲ್ಲಿ ಟಾರ್ಚ್ ಇರಲಿ. ಕಾಲಲ್ಲಿ ಗಾಯ ಇದ್ದರೆ ಇಲಿಜ್ವರದ ಭಯವೂ ಉಂಟು. ಕಬ್ಬಿನ ಗದ್ದೆ ಪಕ್ಕದ ದಾರಿಯಾದರೆ ಬೆಳಕು ಹರಿಯುವ ಮುಂಚೆ ಒಬ್ಬರೇ ಹೋಗಬೇಡಿ. ಚಿರತೆ ವಿಷಯ ನಿಮಗೆ ನಾನು ಹೇಳಬೇಕಾ?

ಕೆರೆ ಊರಿನದ್ದಾದರೂ ಮೀನು ಊರಿನದ್ದಲ್ಲ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ದೊಡ್ಡ ಕೆರೆಗಳ ಮೀನು ಹಿಡಿಯುವ ಹಕ್ಕನ್ನು ಮೀನುಗಾರಿಕೆ ಇಲಾಖೆ, ಸಣ್ಣವುಗಳದ್ದನ್ನು ಪಂಚಾಯಿತಿ ಗುತ್ತಿಗೆಗೆ ಕೊಡುತ್ತೆ. ಗುತ್ತಿಗೆದಾರರನ್ನು ಒಂದು ಮಾತು ಕೇಳಿ. ಕೊರವ ಅವರ ಕಾಟ್ಲಾ ಮರಿ ತಿನ್ನುವ ಮೀನು, ಬಹಳ ಸಲ ಖುಷಿಯಿಂದಲೇ ಒಪ್ಪುತ್ತಾರೆ. ರಂಗನತಿಟ್ಟಿನಂಥ ಪಕ್ಷಿಧಾಮದಲ್ಲಿ, ಮೈಸೂರಿನ ಕುಕ್ಕರಹಳ್ಳಿ, ಕಾರಂಜಿ ಕೆರೆಗಳಲ್ಲಿ ಈ ಆಸೆಯೇ ಬೇಡ. ಕಿತ್ತುಹೋದ ದಾರವನ್ನು ಕೈಗೆ ಸಿಕ್ಕಷ್ಟು ಸುತ್ತಿ ಮನೆಗೆ ತನ್ನಿ. ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆಗಳು ಮೇವಿಗೆ ಬರುವುದು ಇಂಥ ಕೆರೆಗಳಿಗೇ. ಬ್ರೇಡ್ ಕಾಲಿಗೆ ಸುತ್ತಿದರೆ ಹಕ್ಕಿಗೆ ಬಿಡಿಸಿಕೊಳ್ಳಲು ಬರಲ್ಲ. ಚರಂಡಿ ಸೇರುವ ಕೆರೆಯಾದರೆ ಹಿಡಿದ ಮೀನನ್ನು ತಿನ್ನಬೇಡಿ, ಬಿಟ್ಟುಬಿಡಿ.

ಹೊಸ ದಾರ ಬರುವ ತನಕ ಮನೆಯಲ್ಲೇ ಒಂದು ಅಭ್ಯಾಸ ಮಾಡಿ. ಕಪ್ಪೆ ಬಿಚ್ಚಿ ದಾರದ ತುದಿಯನ್ನು ಅಂಗಳದ ಆ ಕಡೆ ಇನ್ನೊಬ್ಬರ ಕೈಗೆ ಕೊಡಿ. ನೀವು ಕಣ್ಣು ಮುಚ್ಚಿ ರಾಡು ಹಿಡಿಯಿರಿ. ಅವರು ನಡುನಡುವೆ ತಂಬಿಗೆ ನೀರು ಧಡ್ ಅಂತ ನೆಲಕ್ಕೆ ಹೊಡೆಯಲಿ, ಕೂಗಲಿ, ಬೇಕಾದಾಗ ಮಾತ್ರ ದಾರ ಎಳೆಯಲಿ. ಸದ್ದಿಗೆ ಕೈ ಅಲ್ಲಾಡಬಾರದು, ತೂಕಕ್ಕೆ ಮಾತ್ರ ಜಗ್ಗಬೇಕು. ಆ ಕಡೆ ಮಾವನವರನ್ನೇ ನಿಲ್ಲಿಸಿ. ಅಳಿಯನನ್ನು ಬೆಚ್ಚಿಬೀಳಿಸುವ ಕೆಲಸ, ಬೇಡ ಅನ್ನಲಾರರು.